ಹಳೆಯ ಕಾರಿನ ಮೌಲ್ಯಮಾಪನ ವರದಿ: ಎಷ್ಟರ ಮಟ್ಟಿಗೆ ನಂಬಬೇಕು, ಉಳಿದದ್ದನ್ನು ಹೇಗೆ ತಿಳಿಯಬೇಕು

ನಾನು ಮೊದಲ ಬಾರಿಗೆ ಪ್ರೀಮಿಯರ್ ಪದ್ಮಿನಿಯೊಂದನ್ನು ಕೊಂಡಾಗ ನನ್ನ ಕೈಯಲ್ಲಿ ನಾಲ್ಕು ಪುಟಗಳ ಮೌಲ್ಯಮಾಪನ ವರದಿ ಇತ್ತು. ಬೆಲೆ ಕಟ್ಟಿದ ವ್ಯಾಲ್ಯುಯರ್ ಅವರ ಸಹಿ, ಮೊಹರು, ಕಾರಿನ ನಾಲ್ಕೂ ಬದಿಯ ಫೋಟೋಗಳು, ಕೊನೆಯಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆದ ಒಂದು ಮೊತ್ತ, ಎಲ್ಲವೂ ಕ್ರಮವಾಗಿಯೇ ಇದ್ದವು. ‘ಬಾಡಿ: ಉತ್ತಮ’ ಎಂದು ಅದರಲ್ಲಿ ಬರೆದಿತ್ತು. ಆ ವರ್ಷದ ಮುಂಗಾರಿನಲ್ಲಿ ಎಡಬದಿಯ ಮುಂದಿನ ಸೀಟಿನ ಕೆಳಗೆ ನೀರು ನಿಲ್ಲತೊಡಗಿತು. ಗ್ಯಾರೇಜಿನ ಮೇಸ್ತ್ರಿ ರಬ್ಬರ್ ಮ್ಯಾಟ್ ಎತ್ತಿ, ಬಾಗಿಲಿನ ಹೊಸ್ತಿಲಿಗೆ ಸ್ಕ್ರೂಡ್ರೈವರಿನ ಮೊನೆಯನ್ನು ಒತ್ತಿದಾಗ ಅದು ಎಲ್ಲಿಯೂ ತಗಡಿಗೆ ತಾಗದೆ ಸಲೀಸಾಗಿ ಒಳಗಿಳಿಯಿತು. ಕೆರೆದಂತೆಲ್ಲ, ತೂತು ಮುಚ್ಚಲು ಬಳಿದಿದ್ದ ಪುಟ್ಟಿ ಹೆಂಟೆ ಹೆಂಟೆಯಾಗಿ ಕಳಚಿಕೊಂಡು, ಅದರ ಹಿಂದೆ ಒತ್ತೊತ್ತಾಗಿ ತುರುಕಿದ್ದ ನ್ಯೂಸ್‌ಪೇಪರ್ ಹೊರಬಂತು. ಅಂದು ಸಂಜೆ ಮನೆಗೆ ಬಂದು ವರದಿಯನ್ನು ಮತ್ತೊಮ್ಮೆ ಓದಿದೆ. ಕೊನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರಗಳಲ್ಲಿ, ‘ಕಣ್ಣಿಗೆ ಕಾಣುವ ಭಾಗಗಳನ್ನಷ್ಟೇ ಪರಿಶೀಲಿಸಲಾಗಿದೆ, ಯಾವ ಭಾಗವನ್ನೂ ಬಿಚ್ಚಿ ನೋಡಿರುವುದಿಲ್ಲ’ ಎಂಬ ಸಾಲು ಇತ್ತು. ವ್ಯಾಲ್ಯುಯರ್ ಸುಳ್ಳು ಬರೆದಿರಲಿಲ್ಲ. ಅವರು ನೋಡಿದ್ದೇನು, ನೋಡದೆ ಬಿಟ್ಟದ್ದೇನು ಎಂಬುದನ್ನು ನಾನು ಓದಿರಲಿಲ್ಲ.

ಆ ಕಾರಿನ ನಂತರ ಸ್ನೇಹಿತರಿಗಾಗಿ, ಸಂಬಂಧಿಕರಿಗಾಗಿ ಇಂಥ ಹಲವು ವರದಿಗಳನ್ನು ಓದಿದ್ದೇನೆ. ಹಳೆಯ ಕಾರು ಕೊಳ್ಳುವವರು, ತಂದೆ ಅಥವಾ ತಾತ ಬಿಟ್ಟುಹೋದ ಕಾರಿಗೆ ಬೆಲೆ ಕಟ್ಟಿಸಬೇಕೆಂದಿರುವವರು, ವಿಮೆಗಾಗಿ ವರದಿ ಬೇಕಾದವರು, ಇವರೆಲ್ಲರೂ ಹಣ ಕೊಡುವ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ವರದಿ ಮಾಡಿಸುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಒಂದು ನಿರ್ದಿಷ್ಟ ದಿನ, ಒಂದು ನಿರ್ದಿಷ್ಟ ಉದ್ದೇಶಕ್ಕಾಗಿ, ಹೊರಗಿನಿಂದ ಕಂಡಷ್ಟನ್ನು ಆಧರಿಸಿ ಅನುಭವಿಯೊಬ್ಬರು ಕೊಟ್ಟ ಅಭಿಪ್ರಾಯವೆಂದು ಅದನ್ನು ಓದಿದರೆ ಅದು ಬಹಳ ಉಪಯುಕ್ತ. ಅದರಾಚೆಗಿನ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು, ಅಥವಾ ಬೇರೆಯವರಿಂದ ಮಾಡಿಸಬೇಕು.

ಮೊದಲು ಉದ್ದೇಶವನ್ನು ನಿಶ್ಚಯಿಸಿಕೊಳ್ಳಿ

ಒಂದೇ ಕಾರಿಗೆ ಒಂದೇ ದಿನ ಎರಡು ಮೂರು ಬೆಲೆಗಳಿರುವುದು ಸಹಜ. ವಿಮೆಗೆಂದು ಕೇಳಿದರೆ, ಅಂಥದೇ ಕಾರನ್ನು ಅದೇ ಸ್ಥಿತಿಯಲ್ಲಿ ಮತ್ತೆ ಹುಡುಕಿ ತರಲು ಅಥವಾ ಕಟ್ಟಿಸಲು ತಗಲುವ ವೆಚ್ಚದ ಕಡೆಗೆ ಬೆಲೆ ವಾಲುತ್ತದೆ. ಮಾರುವುದಕ್ಕೆಂದು ಕೇಳಿದರೆ, ಆತುರವಿಲ್ಲದ ಕೊಳ್ಳುಗ ಮತ್ತು ಆತುರವಿಲ್ಲದ ಮಾರಾಟಗಾರ ಒಪ್ಪಬಹುದಾದ ಬೆಲೆ ಬರುತ್ತದೆ. ಸಾಲ ಕೊಡುವ ಬ್ಯಾಂಕಿಗೆ ಬೇಕಾದದ್ದು ಮುಂದೊಂದು ದಿನ ತುರ್ತಾಗಿ ಮಾರಿದರೂ ಕೈಗೆ ಬರುವ ಮೊತ್ತ, ಆದ್ದರಿಂದ ಅದು ಇನ್ನೂ ಕೆಳಗಿರುತ್ತದೆ. ಈ ಮೂರೂ ಸರಿಯಾದ ಬೆಲೆಗಳೇ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದಾಗ ಮಾತ್ರ ಅನ್ಯಾಯವಾಗುತ್ತದೆ.

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಮನೆಯ ಪಾಲುಪಾರಿಕತ್ತಿನಲ್ಲಿ. ತಂದೆಯ ಅಂಬಾಸಿಡರ್ ಕಾರನ್ನು ಹಿರಿಯ ಮಗ ಉಳಿಸಿಕೊಳ್ಳುವುದು, ಅದರ ಬೆಲೆಯ ಅರ್ಧವನ್ನು ತಮ್ಮನಿಗೆ ಕೊಡುವುದು ಎಂದು ಮಾತಾಗುತ್ತದೆ. ಆಗ ಬೀರುವಿನಲ್ಲಿದ್ದ ವಿಮೆಯ ವರದಿಯನ್ನೇ ತೆಗೆದು ಅದರ ಅರ್ಧವನ್ನು ಲೆಕ್ಕ ಹಾಕಿದರೆ, ಮಾರುಕಟ್ಟೆಯಲ್ಲಿ ಎಂದಿಗೂ ಹುಟ್ಟದ ಬೆಲೆಗೆ ಅಣ್ಣ ಹಣ ತೆತ್ತಂತಾಗುತ್ತದೆ. ಬ್ಯಾಂಕಿನ ವರದಿಯನ್ನು ತೆಗೆದರೆ ತಮ್ಮನಿಗೆ ನಷ್ಟ. ಆದ್ದರಿಂದ ವ್ಯಾಲ್ಯುಯರ್ ಅವರಿಗೆ ಮೊದಲ ಫೋನ್ ಮಾಡುವಾಗಲೇ ‘ಬೆಲೆ ಎಷ್ಟಾಗಬಹುದು’ ಎಂದು ಕೇಳುವ ಬದಲು, ಯಾವ ಕಾರಣಕ್ಕೆ ಬೇಕು, ಆ ವರದಿಯನ್ನು ಯಾರ ಮುಂದೆ ಇಡಲಿದ್ದೀರಿ ಎಂಬುದನ್ನು ಸ್ಪಷ್ಟವಾಗಿ ಹೇಳಿ. ವರದಿಯ ಮೊದಲ ಪುಟದಲ್ಲಿ ಆ ಉದ್ದೇಶವೂ, ‘ಮೌಲ್ಯ’ ಎಂಬ ಪದಕ್ಕೆ ಅವರು ಕೊಟ್ಟಿರುವ ಅರ್ಥವೂ, ಕಾರನ್ನು ನೋಡಿದ ದಿನಾಂಕವೂ ಇರಲೇಬೇಕು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಆ ಮೊತ್ತಕ್ಕೆ ಬೆಲೆಯಿಲ್ಲ.

ಬೆಲೆ ಕಟ್ಟುವವರು ಯಾರು

ನಮ್ಮ ದೇಶದಲ್ಲಿ ಹಳೆಯ ಕಾರುಗಳ ಮೌಲ್ಯಮಾಪನಕ್ಕೆಂದೇ ಪ್ರತ್ಯೇಕವಾದ ಪರವಾನಗಿ ಇಲ್ಲ. ವಿಮಾ ಕಂಪನಿಯ ಪರವಾಗಿ ಬರುವ ಸರ್ವೇಯರ್ ಅವರಿಗೆ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ಪರವಾನಗಿ ಇರುತ್ತದೆ, ಆದರೆ ಅದು ಅಪಘಾತವಾದಾಗ ನಷ್ಟವನ್ನು ಅಂದಾಜು ಮಾಡುವುದಕ್ಕೆ ಕೊಟ್ಟದ್ದು. ಕಂಪನಿ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳ ಪ್ರಕಾರ ನೋಂದಾಯಿತ ಮೌಲ್ಯಮಾಪಕರಿಗೆ ಮೂರು ವರ್ಗಗಳಿವೆ: ಭೂಮಿ ಮತ್ತು ಕಟ್ಟಡ, ಸ್ಥಾವರ ಮತ್ತು ಯಂತ್ರೋಪಕರಣ, ಷೇರು ಮೊದಲಾದ ಹಣಕಾಸು ಆಸ್ತಿ. ಕಾರು ಇವುಗಳಲ್ಲಿ ಎರಡನೆಯ ವರ್ಗಕ್ಕೆ ಸೇರುತ್ತದೆ. ಜೆಸಿಬಿಗೆ, ಕಾರ್ಖಾನೆಯ ಲೇತ್ ಯಂತ್ರಕ್ಕೆ ನಿಖರವಾಗಿ ಬೆಲೆ ಕಟ್ಟಬಲ್ಲವರು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದನ್ನು ಜೀವಮಾನದಲ್ಲಿ ಮುಟ್ಟಿಯೇ ಇರದಿರಬಹುದು. ಅವರ ಯೋಗ್ಯತೆಯ ಬಗ್ಗೆ ನನಗೆ ಗೌರವವಿದೆ. ಆದರೂ ಯಂತ್ರ ಹಳೆಯದಾದಷ್ಟೂ ಬೆಲೆ ಇಳಿಯುತ್ತದೆಂಬ ಲೆಕ್ಕದಲ್ಲಿ ಪಳಗಿದ ಕಣ್ಣಿಗೆ, ಹಳೆಯದೆಂಬ ಕಾರಣಕ್ಕೇ ಬೆಲೆ ಏರುವ ವಸ್ತು ಸುಲಭವಾಗಿ ಒಗ್ಗುವುದಿಲ್ಲ.

ಹೀಗಾಗಿ ಪರವಾನಗಿಯ ಸಂಖ್ಯೆಯ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಇದೇ ಮಾದರಿಯ ಎಷ್ಟು ಕಾರುಗಳನ್ನು ನೋಡಿದ್ದೀರಿ? ತಾವೇ ಹಳೆಯ ಕಾರುಗಳನ್ನು ಕೊಳ್ಳುವ, ಮಾರುವ ಅಥವಾ ರಿಪೇರಿ ಮಾಡಿಸುವ ವ್ಯವಹಾರದಲ್ಲಿದ್ದೀರಾ? ಮಾರಾಟ ಮಾಡಿಸಿ ಕಮಿಷನ್ ಪಡೆಯುವವರ ಬಾಯಲ್ಲಿ ಬೆಲೆ ಏರುವುದೂ, ತಾವೇ ಕೊಳ್ಳಬೇಕೆಂದಿರುವವರ ಬಾಯಲ್ಲಿ ಇಳಿಯುವುದೂ ಮನುಷ್ಯ ಸಹಜ. ಕಾರಿನ ಬೆಲೆಯ ಇಂತಿಷ್ಟು ಶೇಕಡಾ ಎಂದು ಶುಲ್ಕ ಕೇಳುವವರನ್ನು ಕೈಬಿಡುವುದೇ ಲೇಸು. ಅಮೆರಿಕದ ಮೌಲ್ಯಮಾಪಕರು ಅನುಸರಿಸುವ ಯುಎಸ್‌ಪಿಎಪಿ ಎಂಬ ಸಂಹಿತೆಯು ಮೊದಲೇ ಗೊತ್ತುಪಡಿಸಿದ ಮೊತ್ತವನ್ನು ಬರೆದುಕೊಡುವ ಷರತ್ತಿನ ಮೇಲೆ ಶುಲ್ಕ ಪಡೆಯುವುದನ್ನು ನಿಷೇಧಿಸುತ್ತದೆ. ನಮ್ಮಲ್ಲಿ ಅದನ್ನು ಒಂದು ಸಾಲಿನ ಬರಹದಲ್ಲಿ ನಾವೇ ಖಚಿತಪಡಿಸಿಕೊಳ್ಳಬೇಕು: ಶುಲ್ಕ ಇಷ್ಟು, ಬೆಲೆ ಏನೇ ಬಂದರೂ ಇಷ್ಟೇ.

ತಗಡಿನೊಳಗೆ ಏನಿದೆ

ಸಾಮಾನ್ಯವಾಗಿ ವ್ಯಾಲ್ಯುಯರ್ ಒಬ್ಬರು ಕಾರಿನ ಬಳಿ ಕಳೆಯುವುದು ಅರ್ಧ ಗಂಟೆಯಿಂದ ಒಂದು ಗಂಟೆ. ಕಾರನ್ನು ಮೇಲೆತ್ತಿಸುವುದಿಲ್ಲ, ಸೀಟು ಬಿಚ್ಚುವುದಿಲ್ಲ, ಬಹಳ ಸಲ ಓಡಿಸಿಯೂ ನೋಡುವುದಿಲ್ಲ. ಅವರ ಶುಲ್ಕದಲ್ಲಿ ಅಷ್ಟೇ ಸಾಧ್ಯ. ಆದರೆ ಹಳೆಯ ಕಾರಿನ ಬೆಲೆಯ ಬಹುಪಾಲು ಅಡಗಿರುವುದು ಅವರು ನೋಡದ ಜಾಗಗಳಲ್ಲಿಯೇ.

ಇದಕ್ಕೆ ಕಾರಣ ಕಾರಿನ ಕಟ್ಟೋಣದಲ್ಲಿದೆ. ಅಂಬಾಸಿಡರ್ ಆಗಲಿ, ಫಿಯೆಟ್ 1100 ಮತ್ತು ಅದರ ಮುಂದುವರಿಕೆಯಾದ ಪದ್ಮಿನಿಯಾಗಲಿ, ಇವುಗಳಿಗೆ ಲಾರಿಯಂತೆ ಪ್ರತ್ಯೇಕವಾದ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ನೆಲದ ತಗಡು, ಬಾಗಿಲಿನ ಹೊಸ್ತಿಲು, ಕಂಬಗಳು, ಮೇಲ್ಛಾವಣಿ, ಇವೆಲ್ಲ ಸೇರಿ ಒಂದೇ ಪೆಟ್ಟಿಗೆಯಂತೆ ಬೆಸೆದು ಕಾರಿನ ಭಾರವನ್ನು ಹೊರುತ್ತವೆ. ಹೊಸ್ತಿಲು ತುಕ್ಕು ಹಿಡಿದರೆ ಅದು ಅಂದ ಕೆಡಿಸುವ ಕಲೆಯಷ್ಟೇ ಆಗಿರುವುದಿಲ್ಲ, ಕಾರಿನ ಬೆನ್ನೆಲುಬೇ ಸವೆದಂತೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾತ್ರ ಬೇರೆ ಜಾತಿಯದು; ಅದಕ್ಕೆ ಪ್ರತ್ಯೇಕ ಚಾಸಿ ಇದೆ, ಬಾಡಿಯ ಭಾಗಗಳನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಆ ಕಾರಿನಲ್ಲಿ ಮೇಲಿನ ತಗಡು ಹೊಳೆಯುತ್ತಿದ್ದರೂ ಚಾಸಿಯಿಂದ ಬದಿಗಳಿಗೆ ಚಾಚಿಕೊಂಡಿರುವ ತೋಳುಗಳು ಟೊಳ್ಳಾಗಿರಬಹುದು. ಎರಡೂ ಬಗೆಯ ಕಾರುಗಳಲ್ಲಿ ಕೆಳಗೆ ಮಲಗಿ ನೋಡದೆ ಗೊತ್ತಾಗುವುದಿಲ್ಲ.

ಇದನ್ನು ನೀವೇ ಮಾಡಬಹುದು. ಬೆಳಗಿನ ಹೊತ್ತು, ಬಿಸಿಲಿನಲ್ಲಿ, ಕಾರು ಒಣಗಿರುವಾಗ ಹೋಗಿ. ಮಳೆಯಲ್ಲಿ ನೆನೆದ ಕಾರಿನ ಪೇಂಟ್ ಎಲ್ಲ ದೋಷಗಳನ್ನೂ ಮುಚ್ಚುತ್ತದೆ. ಒಂದು ಚಿಕ್ಕ ಅಯಸ್ಕಾಂತವನ್ನು ತೆಳುವಾದ ಕರವಸ್ತ್ರದಲ್ಲಿ ಸುತ್ತಿ, ಪೇಂಟಿಗೆ ಗೀರು ಬೀಳದಂತೆ ಬಾಗಿಲಿನ ಕೆಳಗಿನ ಅಂಚು, ಹೊಸ್ತಿಲು, ಮಡ್‌ಗಾರ್ಡಿನ ಹಿಂಬದಿ, ಡಿಕ್ಕಿಯ ನೆಲ, ಹೆಡ್‌ಲೈಟಿನ ಸುತ್ತ ನಿಧಾನವಾಗಿ ಸರಿಸಿ. ಒಳ್ಳೆಯ ತಗಡಿನ ಮೇಲೆ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪುಟ್ಟಿ ದಪ್ಪವಾಗಿರುವಲ್ಲಿ ಹಿಡಿತ ಸಡಿಲಗೊಂಡು ಜಾರುತ್ತದೆ. ಅನುಮಾನ ಬಂದ ಜಾಗದಲ್ಲಿ ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿದರೆ, ತಗಡು ತೆಳ್ಳಗೆ ಮೊಳಗುತ್ತದೆ, ಪುಟ್ಟಿ ಮಂದವಾದ ‘ದಬ್’ ಎನ್ನುವ ಸದ್ದು ಕೊಡುತ್ತದೆ. ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಹಿಡಿದು ಮೇಲೆತ್ತಿ ನೋಡಿ: ಅಲುಗಿದರೆ ಕೀಲು ಸವೆದಿದೆ, ಅಥವಾ ಕೀಲು ಕೂತಿರುವ ಕಂಬವೇ ಸಡಿಲವಾಗಿದೆ. ಮಾಲೀಕರ ಒಪ್ಪಿಗೆ ಪಡೆದು ಮುಂದಿನ ಮ್ಯಾಟ್‌ಗಳನ್ನು ಎತ್ತಿ ನೋಡುವುದನ್ನು ಎಂದಿಗೂ ಮರೆಯಬೇಡಿ. ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಬಹುಕಾಲ ಓಡಿದ ಕಾರಾದರೆ ಉಪ್ಪುಗಾಳಿಯ ಕಾರಣದಿಂದ ಈ ತಪಾಸಣೆಗೆ ಇಮ್ಮಡಿ ಸಮಯ ಕೊಡಬೇಕು. ಬಯಲುಸೀಮೆಯ ಒಣ ಹವೆಯಲ್ಲಿ, ಶೆಡ್ಡಿನಲ್ಲಿ ಬೆಳೆದ ಕಾರಿನ ತಗಡು ಸಾಮಾನ್ಯವಾಗಿ ಉತ್ತಮವಾಗಿರುತ್ತದೆ, ಆದರೆ ಅದರ ರಬ್ಬರ್ ಬೀಡಿಂಗ್‌ಗಳು ಒಣಗಿ ಬಿರಿದಿರುತ್ತವೆ.

ಎಂಜಿನ್ ವಿಷಯದಲ್ಲಿ ವರದಿಗಳು ‘ಸ್ಟಾರ್ಟ್ ಆಗುತ್ತದೆ, ಸದ್ದು ಸಾಮಾನ್ಯ’ ಎಂಬಲ್ಲಿಗೆ ನಿಲ್ಲುತ್ತವೆ. ಹಳೆಯ ಪೆಟ್ರೋಲ್ ಎಂಜಿನ್ ಬಲ್ಲ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ, ಸಿಲಿಂಡರುಗಳೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಎಂಜಿನ್ ತಿರುಗಿಸಿದರೆ ನಾಲ್ಕು ಅಂಕಿಗಳು ಸಿಗುತ್ತವೆ. ಆ ಅಂಕಿಗಳು ಒಂದಕ್ಕೊಂದು ಹತ್ತಿರವಿರಬೇಕು. ಒಂದು ಮಾತ್ರ ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಮೇಲೆ ಸಂಶಯ. ಅರ್ಧ ಗಂಟೆಯ ಕೆಲಸ. ಎಂಜಿನ್ ಬಿಚ್ಚಬೇಕೋ ಬೇಡವೋ ಎಂಬ ಬಗ್ಗೆ ಇಡೀ ವರದಿ ಹೇಳಲಾರದ ಸಂಗತಿಯನ್ನು ಇದು ಹೇಳುತ್ತದೆ. ಮೇಸ್ತ್ರಿಗೆ ಕೊಡುವ ದಿನಗೂಲಿಯನ್ನು ಉಳಿಸಲು ಹೋಗಬೇಡಿ.

ಈ ಕಾರು ಅದೇ ಕಾರೇ?

ವರದಿಯ ಮೊದಲ ಕೋಷ್ಟಕದಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್, ತಯಾರಾದ ವರ್ಷ ಇವೆಲ್ಲ ಇರುತ್ತವೆ. ವ್ಯಾಲ್ಯುಯರ್ ಕಾರಿನ ಮೇಲೆ ಓದಿ ಬರೆದರೋ, ಆರ್‌ಸಿಯನ್ನು ನೋಡಿ ಬರೆದರೋ ಎಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ, ಮತ್ತು ಆರ್‌ಸಿ ನೋಡಿ ಬರೆಯುವುದೇ ಹೆಚ್ಚು. ನನಗೆ ಅತಿ ಹೆಚ್ಚು ಆತಂಕ ತರುವ ಭಾಗ ಇದು, ಏಕೆಂದರೆ ತುಕ್ಕನ್ನು ಹಣ ಕೊಟ್ಟು ತೆಗೆಸಬಹುದು, ದಾಖಲೆಯ ತಪ್ಪನ್ನು ತಿದ್ದಿಸಲು ವರ್ಷಗಳೇ ಬೇಕಾಗಬಹುದು.

ಹಳೆಯ ಸಂಪ್ರದಾಯವೇ ಇಲ್ಲಿ ಒಳ್ಳೆಯದು. ಆರ್‌ಟಿಓ ಕಚೇರಿಯ ಕೆಲಸಕ್ಕೆ ಮಾಡುವಂತೆ, ಕೊರೆದ ನಂಬರಿನ ಮೇಲಿನ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳು ಕಾಗದವನ್ನು ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡಡ್ಡ ಉಜ್ಜಿ ಪ್ರಿಂಟ್ ತೆಗೆಯಿರಿ. ಕಣ್ಣಿಗೆ 3 ಎಂದು ಕಂಡದ್ದು ಕಾಗದದ ಮೇಲೆ 8 ಆಗಿ ಮೂಡಿದ್ದನ್ನು ನಾನು ನೋಡಿದ್ದೇನೆ. ಆ ಪ್ರಿಂಟನ್ನು ಮೂಲ ಆರ್‌ಸಿ ಪುಸ್ತಕದೊಂದಿಗೂ, ಆರ್‌ಟಿಓದಿಂದ ಪಡೆಯುವ ನೋಂದಣಿ ದಾಖಲೆಯ ಪ್ರತಿಯಾದ ಬಿ ಎಕ್ಸ್‌ಟ್ರಾಕ್ಟ್‌ನೊಂದಿಗೂ, ಸರ್ಕಾರದ ವಾಹನ್ ಪೋರ್ಟಲಿನಲ್ಲಿರುವ ವಿವರದೊಂದಿಗೂ ಅಕ್ಷರ ಅಕ್ಷರವಾಗಿ ಹೋಲಿಸಿ. ಕೈಬರಹದ ಹಳೆಯ ಪುಸ್ತಕಗಳಿಂದ ಕಂಪ್ಯೂಟರಿಗೆ ಇಳಿಸುವಾಗ ಅಂಕಿಗಳು ತಪ್ಪಿರುವ, ಅಥವಾ ಕಾರಿನ ವಿವರವೇ ಇನ್ನೂ ಕಂಪ್ಯೂಟರಿಗೆ ಏರಿರದ ಪ್ರಸಂಗಗಳಿವೆ. ಎಂವೈ ಎಂದು ಆರಂಭವಾಗುವ ಮೈಸೂರು ರಾಜ್ಯದ ಕಾಲದ ನಂಬರುಗಳಿರುವ ಕಾರುಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಆರ್‌ಸಿಯಲ್ಲಿ ಹಳೆಯ ಬ್ಯಾಂಕ್ ಸಾಲದ ನಮೂದು ಉಳಿದಿದ್ದರೆ, ಸಾಲ ತೀರಿ ನಲವತ್ತು ವರ್ಷವಾಗಿದ್ದರೂ, ಬ್ಯಾಂಕಿನ ಪತ್ರ ಮತ್ತು ಫಾರಂ 35 ಇಲ್ಲದೆ ಅದು ಅಳಿಯುವುದಿಲ್ಲ. ಹೆಸರು ವರ್ಗಾವಣೆಗೆ ಬೇಕಾದ ಫಾರಂ 29 ಮತ್ತು 30ಕ್ಕೆ ಆರ್‌ಸಿಯಲ್ಲಿರುವ ಮಾಲೀಕರೇ ಸಹಿ ಮಾಡಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರ ದಾಖಲೆಗಳು ಬೇಕು. ಈ ಯಾವುದೂ ಮೌಲ್ಯಮಾಪನದ ವ್ಯಾಪ್ತಿಗೆ ಬರುವುದಿಲ್ಲ, ಆದರೆ ಇವುಗಳಲ್ಲಿ ಒಂದು ಕೆಟ್ಟರೂ ವರದಿಯಲ್ಲಿರುವ ಬೆಲೆಗೆ ಆ ಕಾರನ್ನು ಯಾರೂ ಕೊಳ್ಳುವುದಿಲ್ಲ.

ಎಂಜಿನ್ ಬದಲಾಗಿರುವ ಸಾಧ್ಯತೆಯನ್ನೂ ಗಮನಿಸಿ. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಅಸಂಖ್ಯ ಅಂಬಾಸಿಡರ್‌ಗಳಿಗೂ ಪದ್ಮಿನಿಗಳಿಗೂ ಡೀಸೆಲ್ ಎಂಜಿನ್ ಕೂರಿಸಲಾಯಿತು, ಅವುಗಳಲ್ಲಿ ಕೆಲವು ಈಗ ಮತ್ತೆ ಪೆಟ್ರೋಲಿಗೆ ಮರಳಿವೆ. 1960ರ ದಶಕದ ಅಂಬಾಸಿಡರ್‌ನಲ್ಲಿ ಇರಬೇಕಾದದ್ದು 1489 ಸಿಸಿಯ ಎಂಜಿನ್; ಅದರಲ್ಲಿ 1990ರ ದಶಕದ ಇಸುಜು ಎಂಜಿನ್ ಕೂತಿದ್ದರೆ ಕಾರು ಓಡುವುದಕ್ಕೆ ಹಿತವಾಗಿರುತ್ತದೆ, ಸಂಗ್ರಾಹಕರ ಕಣ್ಣಿಗೆ ಮಾತ್ರ ಬೇರೆಯೇ ಕಾರಾಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡುಗಳಿಗೆ ನಿರ್ಬಂಧವಿದೆ, ಆದ್ದರಿಂದ ಬದಲಾದ ಎಂಜಿನ್ ಆರ್‌ಸಿಯಲ್ಲಿ ನಮೂದಾಗಿದೆಯೇ ಎಂದು ನೋಡಲೇಬೇಕು. ಬಾಡಿಯೂ ಸುಳಿವು ಕೊಡುತ್ತದೆ. ಫಿಯೆಟ್ 1100ರ ಹಳೆಯ ಮಾದರಿಗಳಲ್ಲಿ ಮುಂದಿನ ಬಾಗಿಲುಗಳ ಕೀಲು ಹಿಂಬದಿಯಲ್ಲಿತ್ತು, ಅವು ಈಗಿನ ಕಾರುಗಳಿಗೆ ತಿರುವುಮುರುವಾಗಿ ತೆರೆದುಕೊಳ್ಳುತ್ತಿದ್ದವು. 1964ರಿಂದ ಬಂದ 1100 ಡಿಲೈಟ್‌ನಲ್ಲಿ ಕೀಲು ಮುಂಬದಿಗೆ ಬಂತು. ಆರ್‌ಸಿ 1958 ಎಂದು ಹೇಳುತ್ತಿದ್ದು ಬಾಗಿಲು ಇಂದಿನಂತೆ ತೆರೆದರೆ, ಎರಡು ಕಾರು ಸೇರಿ ಒಂದಾಗಿರುವ ಸಂಭವವಿದೆ.

ಅಸಲಿ ಕಾರು ಹೇಗಿರುತ್ತದೆಂಬುದನ್ನು ಕಣ್ಣಿಗೆ ಅಭ್ಯಾಸ ಮಾಡಿಸುವುದಕ್ಕೆ ನಮ್ಮ ರಾಜ್ಯದಲ್ಲಿಯೇ ಅನುಕೂಲವಿದೆ. ಧರ್ಮಸ್ಥಳದ ಕಾರ್ ಮ್ಯೂಸಿಯಂ, ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯ, ಇವುಗಳಲ್ಲಿ ಒಂದು ದಿನ ನಿಧಾನವಾಗಿ ಸುತ್ತಿ ಗ್ರಿಲ್, ಡ್ಯಾಶ್‌ಬೋರ್ಡ್, ದೀಪಗಳ ಆಕಾರವನ್ನು ನೋಡಿ ಬರೆದುಕೊಂಡರೆ ಅದು ದೊಡ್ಡ ಪಾಠ. ಇಂಗ್ಲೆಂಡಿನಲ್ಲಿ ತಯಾರಾಗಿ ಬಂದ ಮಾರಿಸ್, ಆಸ್ಟಿನ್, ಎಂಜಿ ಕಾರುಗಳಾದರೆ, ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ಪುಸ್ತಕಗಳನ್ನು ಆಧರಿಸಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ತಯಾರಾದ ದಿನ, ಮೂಲ ಬಣ್ಣ, ಮೂಲ ಎಂಜಿನ್ ನಂಬರುಗಳಂಥ ವಿವರಗಳು ಅದರಲ್ಲಿರುತ್ತವೆ. ಅದು ಆ ಚಾಸಿ ಹುಟ್ಟಿದಾಗ ಹೇಗಿತ್ತೆಂದು ಹೇಳುತ್ತದೆ, ಇಂದು ನಿಮ್ಮೆದುರಿಗಿರುವ ಕಾರು ಅದೇ ಹೌದೆಂದು ಪ್ರಮಾಣೀಕರಿಸುವುದಿಲ್ಲ. ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರಿಗೂ ಕುರ್ಲಾದಲ್ಲಿ ತಯಾರಾದ ಪದ್ಮಿನಿಗೂ ಮೂಲ ಬಿಲ್ಲು, ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿ, ಸರ್ವಿಸ್ ಪುಸ್ತಕ, ಹಳೆಯ ಕುಟುಂಬದ ಫೋಟೋಗಳು, ಇವೇ ಸಾಕ್ಷಿ.

‘ವಿಂಟೇಜ್’ ಎಂಬ ಪದ

ಈ ಒಂದು ಪದದಿಂದ ಆಗುವ ಗೊಂದಲ ಅಷ್ಟಿಷ್ಟಲ್ಲ. ಬ್ರಿಟನ್ನಿನ ಸಂಗ್ರಾಹಕರ ರೂಢಿಯಲ್ಲಿ ವಿಂಟೇಜ್ ಎಂದರೆ 1919ರಿಂದ 1930ರವರೆಗೆ ತಯಾರಾದ ಕಾರು. ನಮ್ಮ ಮೋಟಾರು ವಿಮೆಯ ಟಾರಿಫ್ ಪ್ರಕಾರ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾಗಿ, ವಿಂಟೇಜ್ ಮತ್ತು ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದಿಂದ ಪ್ರಮಾಣೀಕೃತವಾದದ್ದು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಚಾಸಿ, ಬಾಡಿ ಮತ್ತು ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲರೂಪದಲ್ಲಿರುವ ವಾಹನ. ಹೀಗಾಗಿ 1972ರ ಅಂಬಾಸಿಡರ್ ಸಾರಿಗೆ ಇಲಾಖೆಗೆ ವಿಂಟೇಜ್ ಆಗಬಹುದು, ವಿಮೆಯ ಟಾರಿಫಿಗೆ ಆಗುವುದಿಲ್ಲ. ವರದಿಯಲ್ಲಿ ಆ ಪದ ಕಂಡರೆ ಯಾವ ಅರ್ಥದಲ್ಲಿ ಬಳಸಿದ್ದಾರೆಂದು ಕೇಳಿ.

2021ರ ನಿಯಮದಡಿ ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹಾಗೆ ನೋಂದಣಿಯಾದ ಕಾರನ್ನು ದಿನನಿತ್ಯದ ಓಡಾಟಕ್ಕಾಗಲಿ, ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಅರ್ಹತೆಯನ್ನು ತೀರ್ಮಾನಿಸುವುದು ಸರ್ಕಾರದ ಕಡೆಯ ಪರಿಶೀಲನೆ. ಖಾಸಗಿ ವ್ಯಾಲ್ಯುಯರ್ ‘ವಿಂಟೇಜ್’ ಎಂದು ಬರೆದುಕೊಟ್ಟ ಮಾತ್ರಕ್ಕೆ ಡೀಸೆಲ್ ಎಂಜಿನ್ ಕೂರಿಸಿದ ಕಾರಿಗೆ ಅದು ದಕ್ಕುವುದೆಂಬ ಭರವಸೆಯಿಲ್ಲ. ಆ ನೋಂದಣಿ ಸಿಗುತ್ತದೆಂಬ ಆಸೆಯ ಮೇಲೆ ಹೆಚ್ಚು ಹಣ ಕೊಡಬೇಡಿ.

ಆ ಮೊತ್ತ ಎಲ್ಲಿಂದ ಬಂತು

ಮನೆಗೋ ನಿವೇಶನಕ್ಕೋ ಬೆಲೆ ಕಟ್ಟುವಾಗ ಅಕ್ಕಪಕ್ಕದ ನೋಂದಣಿಗಳನ್ನು ನೋಡಬಹುದು. ಹಳೆಯ ಕಾರು ಎಷ್ಟಕ್ಕೆ ಕೈ ಬದಲಾಯಿತೆಂಬುದು ಕೊಟ್ಟವರಿಗೂ ಕೊಂಡವರಿಗೂ ಮಧ್ಯೆ ನಿಂತ ಬ್ರೋಕರಿಗೂ ಮಾತ್ರ ಗೊತ್ತು. ಆದ್ದರಿಂದ ವ್ಯಾಲ್ಯುಯರ್ ಅವರಿಗೂ ಕೈಗೆ ಸಿಗುವುದು ಬಹುಪಾಲು ಜಾಹೀರಾತುಗಳಲ್ಲಿ ಮಾಲೀಕರು ಕೇಳಿರುವ ಬೆಲೆ. ಕೇಳಿದ ಬೆಲೆಗೆ ಕಾರು ಹೋಗದೆ ತಿಂಗಳುಗಟ್ಟಲೆ ಅದೇ ಜಾಹೀರಾತು ಮರುಕಳಿಸುತ್ತಿರುವುದನ್ನು ನಾವೆಲ್ಲ ನೋಡಿದ್ದೇವೆ. ‘ಹೋಲಿಕೆಗೆ ತೆಗೆದುಕೊಂಡ ಮೂರು ಕಾರುಗಳನ್ನು ತಿಳಿಸಿ, ಅವು ಮಾರಾಟವಾದ ಬೆಲೆಯೋ, ಕೇಳಿದ ಬೆಲೆಯೋ ಬರೆಯಿರಿ’ ಎಂದು ಮೊದಲೇ ಕೇಳಿಕೊಳ್ಳಿ. ಒಂದೇ ಅಂಕಿಗಿಂತ, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಬರೆದ ವರದಿಯನ್ನು ನಾನು ಹೆಚ್ಚು ನಂಬುತ್ತೇನೆ; ಅದರಲ್ಲಿ ಪ್ರಾಮಾಣಿಕತೆ ಇದೆ.

ರಿಪೇರಿಯ ಖರ್ಚು ಮೌಲ್ಯವಾಗಿ ಮರಳುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಪದ್ಮಿನಿಯೊಂದಕ್ಕೆ ಟಿಂಕರಿಂಗ್, ಪೇಂಟಿಂಗ್, ಎಂಜಿನ್ ಕೆಲಸ, ಸೀಟುಗಳು ಎಲ್ಲ ಸೇರಿ ಆರು ಲಕ್ಷ ಸುರಿದವರು ಆರು ಲಕ್ಷಕ್ಕೆ ಮಾರಲಾಗದೆ ನೊಂದುಕೊಳ್ಳುತ್ತಾರೆ. ಶಿವಾಜಿನಗರದ ಗುಜರಿಯಲ್ಲಿ ವಾರಗಟ್ಟಲೆ ಹುಡುಕಿ ತಂದ ಅಸಲಿ ದೀಪದ ರಿಮ್ಮಿಗೆ, ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿದ ದಿನಗಳಿಗೆ ವರದಿಯಲ್ಲಿ ಕಾಲಂ ಇಲ್ಲ. ಆ ಪ್ರೀತಿ ನಮ್ಮದೇ, ಅದಕ್ಕೆ ಬೆಲೆ ಕಟ್ಟಿ ಎಂದು ವ್ಯಾಲ್ಯುಯರ್ ಅವರನ್ನು ಕೇಳುವುದು ಸರಿಯಲ್ಲ. ಕೆಲಸದ ಬಿಲ್ಲುಗಳನ್ನೂ, ತಗಡು ಬಿಚ್ಚಿದ ಹಂತದ ಫೋಟೋಗಳನ್ನೂ ಮಾತ್ರ ಅವರಿಗೆ ತೋರಿಸಿ. ಕಣ್ಣಿಗೆ ಕಾಣದ ಒಳ್ಳೆಯ ಕೆಲಸ ವರದಿಗೆ ಸೇರಬೇಕಾದರೆ ಅದೊಂದೇ ದಾರಿ.

ವಿಮೆಯ ಮುಂದೆ ವರದಿ ನಿಲ್ಲುವುದೆಲ್ಲಿ

ವಿಮೆಯ ಪಾಲಿಸಿಯಲ್ಲಿ ಕಾರಿನ ಬೆಲೆಯನ್ನು ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ) ಎಂದು ಬರೆಯುತ್ತಾರೆ. ಐದು ವರ್ಷದೊಳಗಿನ ಕಾರಿಗೆ ಸವಕಳಿಯ ಸಿದ್ಧ ಕೋಷ್ಟಕವಿದೆ. ಐದು ವರ್ಷ ದಾಟಿದ ಕಾರಿಗೂ, ತಯಾರಿಕೆ ನಿಂತ ಮಾದರಿಗೂ ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿದ ಮೊತ್ತವೇ ಐಡಿವಿ. ಈ ಮಾತುಕತೆಯಲ್ಲಿ ಮೌಲ್ಯಮಾಪನ ವರದಿ ನಿಮ್ಮ ಬಲ, ಆದರೆ ಅದನ್ನು ಒಪ್ಪಲೇಬೇಕೆಂಬ ಕಡ್ಡಾಯ ಕಂಪನಿಗಿಲ್ಲ. ವರದಿ ಬೀರುವಿನಲ್ಲಿದ್ದು ಪಾಲಿಸಿಯಲ್ಲಿ ಹಳೆಯ ಮೊತ್ತವೇ ಮುಂದುವರಿದಿದ್ದರೆ, ಕಾರು ಕಳುವಾದ ದಿನ ವರದಿಯಿಂದ ಏನೂ ಪ್ರಯೋಜನವಿಲ್ಲ.

ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ನಿಮ್ಮ ಕಾರಿನ ವರದಿಯಲ್ಲಿ 3 ಲಕ್ಷ ರೂಪಾಯಿ ಎಂದಿದೆ, ಪಾಲಿಸಿಯಲ್ಲಿ ಐಡಿವಿ 80,000 ಎಂದಿದೆ ಎಂದಿಟ್ಟುಕೊಳ್ಳಿ. ಸಣ್ಣ ಅಪಘಾತವಾಗಿ ರಿಪೇರಿಗೆ 65,000 ರೂಪಾಯಿ ಅಂದಾಜಾಯಿತು. ರಿಪೇರಿಯ ವೆಚ್ಚ ಐಡಿವಿಯ ಶೇ. 75ನ್ನು ಮೀರಿದರೆ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ; ಇಲ್ಲಿ ಆ ಗಡಿ 60,000. ಅಂದರೆ ಒಂದು ಮಡ್‌ಗಾರ್ಡ್, ಬಾನೆಟ್, ಗ್ರಿಲ್ ಹೋದದ್ದಕ್ಕೇ ಇಡೀ ಕಾರು ಕಾಗದದ ಮೇಲೆ ಸತ್ತಂತೆ. ಉಳಿದ ಕಾರನ್ನು ಕಂಪನಿಗೆ ಬಿಟ್ಟುಕೊಡಬೇಕು, ಅಥವಾ ಗುಜರಿ ಬೆಲೆಯನ್ನು ಪರಿಹಾರದಿಂದ ಕಳೆದುಕೊಳ್ಳಬೇಕು. ಐಡಿವಿ 3 ಲಕ್ಷವೇ ಆಗಿದ್ದರೂ ಇನ್ನೊಂದು ಮಿತಿ ಉಳಿಯುತ್ತದೆ: ಸಾಮಾನ್ಯ ಪಾಲಿಸಿಯಲ್ಲಿ 10 ವರ್ಷ ದಾಟಿದ ಕಾರಿನ ಲೋಹದ ಬಿಡಿಭಾಗಗಳ ಬೆಲೆಯಲ್ಲಿ ಶೇ. 50, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಲ್ಲಿಯೂ ಶೇ. 50 ಸವಕಳಿ ಕಳೆಯುತ್ತಾರೆ, ಗಾಜಿಗೆ ಮಾತ್ರ ಕಳೆಯುವುದಿಲ್ಲ. 40,000 ರೂಪಾಯಿಯ ಲೋಹದ ಭಾಗಕ್ಕೆ 20,000 ನಿಮ್ಮ ಕೈಯಿಂದಲೇ. ವರದಿಯಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆಸಿದರೂ ಇದು ಬದಲಾಗುವುದಿಲ್ಲ. ಆದ್ದರಿಂದ ಪಾಲಿಸಿ ನವೀಕರಣಕ್ಕೆ ಒಂದು ತಿಂಗಳು ಮುಂಚೆ ವರದಿಯನ್ನು ಕಂಪನಿಗೆ ಸಲ್ಲಿಸಿ, ಐಡಿವಿಯನ್ನು ಮಾತಾಡಿ, ಒಪ್ಪಿದ ಅಂಕಿ ಪಾಲಿಸಿಯಲ್ಲಿ ಅಚ್ಚಾಗಿ ಬಂದಿದೆಯೇ ಎಂದು ನೋಡಿ.

ಕೆಲಸ ಒಪ್ಪಿಸುವ ಪತ್ರ

ಇಷ್ಟನ್ನೂ ತಿಳಿದ ಮೇಲೆ ವ್ಯಾಲ್ಯುಯರ್ ಅವರಿಗೆ ಒಂದು ಪುಟದ ಪತ್ರ ಬರೆಯುವುದು ಕಷ್ಟವಲ್ಲ. ಉದ್ದೇಶ, ನೋಡುವ ದಿನ ಮತ್ತು ಸ್ಥಳ, ನಿಗದಿತ ಶುಲ್ಕ, ಚಾಸಿ ಮತ್ತು ಎಂಜಿನ್ ನಂಬರನ್ನು ಕಾರಿನ ಮೇಲೆಯೇ ಓದಿ ಫೋಟೋ ಸಮೇತ ಬರೆಯಬೇಕೆಂಬ ಕೋರಿಕೆ, ಕಾರನ್ನು ಓಡಿಸಿ ನೋಡಿದ್ದಾರೋ ಇಲ್ಲವೋ ಎಂಬ ಸ್ಪಷ್ಟ ನಮೂದು, ಹೋಲಿಕೆಯ ಕಾರುಗಳ ವಿವರ, ಪರಿಶೀಲಿಸದೆ ಬಿಟ್ಟ ಭಾಗಗಳ ಪಟ್ಟಿ, ಇಷ್ಟನ್ನು ಸೇರಿಸಿ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಏನನ್ನು ನೋಡಿಲ್ಲವೆಂದು ಬರೆದುಕೊಡಲು ಹಿಂಜರಿಯುವವರಿಂದ ಏನನ್ನು ನೋಡಿದ್ದೇನೆಂಬ ವರದಿಯನ್ನೂ ಪಡೆಯಬೇಡಿ. ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು ಎನ್ನುವವರಿಗೆ ಧನ್ಯವಾದ ಹೇಳಿ ಬೇರೊಬ್ಬರನ್ನು ಹುಡುಕಿ.

ಕೊಳ್ಳುವ ಸಂದರ್ಭದಲ್ಲಿ ಮಾರಾಟಗಾರರು ತೋರಿಸುವ ವರದಿ ಅವರು ತಮಗಾಗಿ ಮಾಡಿಸಿದ್ದು. ಅದರಲ್ಲಿ ದೋಷವಿದ್ದರೆ ವ್ಯಾಲ್ಯುಯರ್ ನಿಮಗೆ ಉತ್ತರ ಕೊಡುವ ಸಾಧ್ಯತೆ ಕಡಿಮೆ. ನಿಮ್ಮ ಹೆಸರಿಗೆ, ನಿಮ್ಮ ಶುಲ್ಕದಲ್ಲಿ ಬೇರೆಯೇ ವರದಿ ಮಾಡಿಸಿ. ಮುಂಗಡ ಕೊಡುವ ಮೊದಲು ಮಾರಾಟ ಕರಾರಿನಲ್ಲಿ, ಚಾಸಿ ಮತ್ತು ಎಂಜಿನ್ ನಂಬರುಗಳು ದಾಖಲೆಗೆ ತಾಳೆಯಾಗದಿದ್ದರೆ ಅಥವಾ ಹೆಸರು ವರ್ಗಾವಣೆ ಸಾಧ್ಯವಾಗದಿದ್ದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸಬೇಕೆಂಬ ಸಾಲನ್ನು ಬರೆಸಿ, ನೀವು ತೆಗೆದ ಪೆನ್ಸಿಲ್ ಪ್ರಿಂಟನ್ನು ಅದೇ ಕರಾರಿಗೆ ಅಂಟಿಸಿ, ಅದರ ಮೇಲೆ ಇಬ್ಬರೂ ಸಹಿ ಮಾಡಿ.